ಕೈ ಎಟುಕುವಷ್ಟು

ಏಪ್ರಿಲ್ ತಿಂಗಳ ಒಂದು ಮುಂಜಾನೆ. ನಾನಿನ್ನೂ ಶಟರ್ ಅರ್ಧ ಎತ್ತಿದ್ದೆ, ಅಷ್ಟರಲ್ಲೇ ಆ ಗಾಡಿ ಬಂದು ಅಂಗಡಿ ಮುಂದೆ ನಿಂತಿತು. ವಿಜಯಪುರದ ಅಥಣಿ ರಸ್ತೆಯಲ್ಲಿ ಕಾರಿಗೆ ಪಾಲಿಶ್ ಮಾಡುವ ಸಣ್ಣ ಅಂಗಡಿ ನನ್ನದು. ಒಬ್ಬನೇ ಕೆಲಸ ಮಾಡುತ್ತೇನೆ. ಜೊತೆಗೆ ಯಾರನ್ನಾದರೂ ಇಟ್ಟುಕೊಂಡರೆ ಎರಡು ದಿನಕ್ಕೆ ಜಗಳವಾಗಿ ಅವರು ಹೋಗಿಬಿಡುತ್ತಾರೆ. ನನ್ನ ಬಾಯಿ ಅಂಥದ್ದು.

ಗಾಡಿ ನನಗೆ ಗುರುತಿನದೇ. ತಿಕೋಟಾದ ದ್ರಾಕ್ಷಿ ತೋಟದ ಸಾಹುಕಾರರೊಬ್ಬರ ಕರಿ ಬಣ್ಣದ ದೊಡ್ಡ ಕಾರು. ಪ್ರತಿ ದೀಪಾವಳಿಗೆ ಮುಂಚೆ ಅವರ ಡ್ರೈವರ್ ಅದನ್ನು ಮೇಣ ಹಚ್ಚಿಸಲು ನನ್ನಲ್ಲಿಗೆ ತರುತ್ತಿದ್ದ. ಐವತ್ತು ದಾಟಿದ ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಕಡಿಮೆ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅವತ್ತು ಕಾಕಾ ಗಾಡಿಯಿಂದ ಇಳಿದು ನಮಸ್ಕಾರ ಕೂಡ ಮಾಡಲಿಲ್ಲ. ಬಾನೆಟ್ಟಿನ ಪಕ್ಕ ನಿಂತು ನೆಲ ನೋಡತೊಡಗಿದ.

ನಾನು ಬಾನೆಟ್ಟಿನ ಕಡೆ ಬಗ್ಗಿ ನೋಡಿದೆ. ಕರಿ ಬಣ್ಣದ ಮೇಲೆಲ್ಲ ಬೂದಿ ಬಣ್ಣದ ಉದ್ದುದ್ದ ಗೆರೆಗಳು, ಗೆರೆಗಳ ನಡುವೆ ಹನಿ ಹನಿಯಾಗಿ ಕಲೆಗಳು. ಮೇಲ್ಭಾಗದ ತಗಡಿನ ಮೇಲೂ, ಬಾಗಿಲುಗಳ ಮೇಲೂ ಹಾಗೇ. ಯಾವುದೋ ದಪ್ಪ ಬಟ್ಟೆಯ ಮಡಿಕೆಗಳು ಬಣ್ಣದೊಳಗೆ ಅಚ್ಚಾಗಿ ಕೂತಿದ್ದವು. ಉಗುರಿನಿಂದ ಸವರಿದೆ. ಕಲೆಯ ಜಾಗದಲ್ಲಿ ಉಗುರು ತುಸು ಕೆಳಗಿಳಿಯಿತು. ಮೇಲೆ ಕೂತ ಹೊಲಸಾದರೆ ತೊಳೆದರೆ ಹೋಗುತ್ತದೆ, ಇದು ಬಣ್ಣವನ್ನೇ ತಿಂದಿತ್ತು.

"ಏನಾತು ಕಾಕಾ ಇದು?"

"ನನ್ನ ತಪ್ಪ ಆಗೇತ್ರಿ. ಧೂಳ ಕುಂದರಬಾರ್ದಂತ ಮಣೂಕದ ತಾಡಪತ್ರಿ ಹೊಚ್ಚಿದ್ನಿ. ಮ್ಯಾಲ ಮಳಿ ಆತು."

ನಮ್ಮ ಕಡೆಯವರಿಗೆ ಇಷ್ಟು ಸಾಕು, ಹೊರಗಿನವರಿಗೆ ಹೇಳಬೇಕಾಗುತ್ತದೆ. ತಿಕೋಟಾದ ಸುತ್ತ ಬೇಸಿಗೆ ಬಂತೆಂದರೆ ದ್ರಾಕ್ಷಿಯನ್ನು ಶೆಡ್ಡುಗಳಲ್ಲಿ ಒಣಗಿಸಿ ಮಣೂಕ ಮಾಡುತ್ತಾರೆ. ಕಪ್ಪಾಗದೆ ಬಂಗಾರದ ಬಣ್ಣ ಉಳಿಯಲೆಂದು ಗಂಧಕ ಸುಟ್ಟು ಹೊಗೆ ಹಾಕುತ್ತಾರೆ. ಹೊಗೆ ಹೊರಗೆ ಹೋಗದಂತೆ ತಾಡಪತ್ರಿಯಿಂದ, ಅಂದರೆ ಟಾರ್ಪಾಲಿನಿಂದ, ಸುತ್ತಲೂ ಮುಚ್ಚುತ್ತಾರೆ. ಆ ತಾಡಪತ್ರಿ ವರ್ಷಗಟ್ಟಲೆ ಗಂಧಕದ ಹೊಗೆ ಕುಡಿದಿರುತ್ತದೆ. ಅದಕ್ಕೆ ನೀರು ಬಿದ್ದರೆ ಇಳಿಯುವುದು ನೀರಲ್ಲ, ಹುಳಿ. ಅದರ ಮೇಲೆ ಏಪ್ರಿಲ್ ಬಿಸಿಲು. ಮಣೂಕವನ್ನು ಧೂಳಿನಿಂದ ಕಾಯುವ ತಾಡಪತ್ರಿ ಕಾರನ್ನೂ ಕಾದೀತು ಎಂದು ದ್ರಾಕ್ಷಿ ಮನೆಯವರಿಗಲ್ಲದೆ ಇನ್ನಾರಿಗೂ ಹೊಳೆಯಲಾರದು.

ಸಾಹುಕಾರರು ಹೆಂಡತಿಯನ್ನು ಕರೆದುಕೊಂಡು ಕಾಶಿಗೆ ಹೋಗಿದ್ದರು. ಸೋಮವಾರ ಬೆಳಿಗ್ಗೆ ರೈಲಿಗೆ ಬರುವವರು, ಇದೇ ಗಾಡಿ ತೆಗೆದುಕೊಂಡು ಕಾಕಾ ಸ್ಟೇಷನ್ನಿಗೆ ಹೋಗಬೇಕು. ಅವತ್ತು ಗುರುವಾರ. ಸಾಹುಕಾರರ ಸಿಟ್ಟು ನನಗೂ ಗೊತ್ತು. ಒಮ್ಮೆ ನನ್ನ ಅಂಗಡಿಯಲ್ಲೇ ಚಹಾ ತಣ್ಣಗಾಗಿದೆ ಎಂದು ಹೋಟೆಲ್ಲಿನವನಿಗೆ ಕಪ್ಪು ವಾಪಸು ಎಸೆದಿದ್ದರು. ಕಾಕಾ ಮೀಸೆ ಮೂಡುವ ವಯಸ್ಸಿನಿಂದ ಆ ಮನೆಯ ಗಾಡಿ ಓಡಿಸಿದವನು. ಟ್ರ್ಯಾಕ್ಟರಿನಿಂದ ಶುರುವಾಗಿ ಜೀಪು, ಆಮೇಲೆ ಈ ಕಾರು. ಇಷ್ಟು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ ಎನ್ನುವುದೊಂದೇ ಅವನ ಹೆಮ್ಮೆ.

"ಹೆಂಗರ ಮಾಡಿ ಉಳಸ್ರಿ. ಈ ವಯಸ್ಸಿನ್ಯಾಗ ಬಿಡಿಸಿದ್ರ ನನಗ ಯಾರ ಗಾಡಿ ಕೊಡ್ತಾರ?"

ನೋಡೋಣ ಅಂದೆ. ನೋಡೋಣ ಅನ್ನುವುದು ನಮ್ಮ ಕಸುಬಿನಲ್ಲಿ ಬಹಳ ಅಗ್ಗದ ಮಾತು.

ಮೊದಲು ನೆಲಕ್ಕೆ ನೀರು ಹೊಡೆದು ಧೂಳು ಕೂರಿಸಿದೆ. ಗಾಡಿಯನ್ನು ಬರೀ ನೀರಿನ ರಭಸಕ್ಕೇ ಹಿಡಿದೆ, ಕೈ ಹಚ್ಚಲಿಲ್ಲ. ಗಂಧಕದ ಪುಡಿ, ಎರೆ ಮಣ್ಣಿನ ಧೂಳು ಇನ್ನೂ ಸಂದಿಗಳಲ್ಲಿತ್ತು, ಅದರ ಮೇಲೆ ಕೈಯಾಡಿಸಿದರೆ ಉಜ್ಜುಕಾಗದ ಆಡಿಸಿದ ಹಾಗೇ. ಆಮೇಲೆ ತಿನ್ನುವ ಸೋಡಾವನ್ನು ತಿಳಿಯಾಗಿ ಕಲಸಿ ಎರೆದೆ. ಉಳಿದ ಹುಳಿ ಅಲ್ಲಿಗೆ ಸಾಯಬೇಕು, ಇಲ್ಲವಾದರೆ ನಾನು ಮೇಲೆ ಪಾಲಿಶ್ ಮಾಡುವಾಗ ಅದು ಕೆಳಗೆ ತನ್ನ ಕೆಲಸ ನಡೆಸಿರುತ್ತದೆ. ನಂತರ ಶಾಂಪೂ, ಕೊನೆಗೆ ಫಿಲ್ಟರ್ ನೀರು. ನಮ್ಮ ಬೋರಿನ ಸವುಳು ನೀರು ಒಣಗಿದರೆ ಅದೇ ಬಿಳಿ ಕಲೆ ಬಿಡುತ್ತದೆ, ಇರುವ ರೋಗ ಸಾಲದೆಂದು ಇನ್ನೊಂದು.

ಒಣಗಿದ ಮೇಲೆ ಬಣ್ಣದ ದಪ್ಪ ಅಳೆಯುವ ಮೀಟರ್ ತೆಗೆದೆ. ಕಾರಿನ ಬಣ್ಣವೆಂದರೆ ಒಂದೇ ಪದರವಲ್ಲ. ಬಣ್ಣದ ಮೇಲೆ ನೀರಿನಂತೆ ಪಾರದರ್ಶಕವಾದ ಕ್ಲಿಯರ್ ಎಂಬ ಪದರವಿರುತ್ತದೆ. ಹೊಳಪೆಲ್ಲ ಅದರದೇ. ಪಾಲಿಶ್ ಮಾಡುವುದೆಂದರೆ ಅದನ್ನು ಕೂದಲೆಳೆಗಿಂತ ತೆಳ್ಳಗೆ ಹೆರೆದು ಗೀರಿನ ತಳಕ್ಕೆ ಸಮ ಮಾಡುವುದು. ಒಮ್ಮೆ ಹೆರೆದದ್ದು ಮತ್ತೆ ಬರುವುದಿಲ್ಲ. ಬಾನೆಟ್ಟಿನ ಮೇಲೆ ಮೀಟರ್ ತೋರಿಸಿದ ಅಂಕಿ ತೀರ ಕಡಿಮೆ, ಇನ್ನೆರಡು ಕಡೆ ಇಟ್ಟು ಅಳೆದೆ, ಅಲ್ಲೂ ಅಷ್ಟೇ. ಸಾಹುಕಾರರು ನನ್ನ ಬಳಿ ಬರುವ ಮೊದಲು ಎಲ್ಲೆಲ್ಲೋ ಮಶೀನು ಹಾಕಿಸಿ ಕ್ಲಿಯರ್ ಅರ್ಧಕ್ಕರ್ಧ ತೆಗೆಸಿಬಿಟ್ಟಿದ್ದರು. ಇನ್ನು ಮಶೀನಿನ ಕಾವು ಇದಕ್ಕೆ ಕೂಡದು, ಏನಿದ್ದರೂ ಕೈಯಲ್ಲೇ.

ಬಾಗಿಲ ಮೇಲೆ ಟೇಪು ಅಂಟಿಸಿ ಅಂಗೈಯಗಲದ ಚೌಕ ಮಾಡಿದೆ. ಸ್ಪಂಜಿಗೆ ಕಡಲೆಯಷ್ಟು ಕಾಂಪೌಂಡು ಎಂಬ ಹೆರೆಯುವ ಲೇಪ ಹಚ್ಚಿ, ನಾಲ್ಕು ಬೆರಳಿನ ಭಾರ ಒಂದೇ ಸಮ ಬೀಳುವಂತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ ತಿಕ್ಕಿದೆ. ಆ ಸೆಕೆಗೆ ಕಾಂಪೌಂಡು ಬೇಗ ಒಣಗಿ ಪುಡಿಯಾಗುತ್ತಿತ್ತು, ಮತ್ತೆ ಮತ್ತೆ ನೀರು ಸಿಂಪಡಿಸಿಕೊಂಡು ಮಾಡಬೇಕಾಯಿತು. ಸ್ಪಿರಿಟ್ಟಿನಿಂದ ಒರೆಸಿ ಟಾರ್ಚು ಹಿಡಿದೆ. ಚೌಕದೊಳಗೆ ಕಲೆ ಮಸುಕಾಗಿತ್ತು, ಹೋಗಿರಲಿಲ್ಲ.

ಆ ಟಾರ್ಚಿನ ಬೆಳಕಿನಲ್ಲೇ ಬೇರೊಂದು ಕಂಡಿತು. ಕಲೆಗಳ ಜೊತೆಗೆ ಸಣ್ಣ ಸಣ್ಣ ಗುಂಡು ಗೀರುಗಳು, ಸಾವಿರಾರು. ಧೂಳಿದ್ದ ಗಾಡಿಯನ್ನು ಬಟ್ಟೆಯಲ್ಲಿ ಒರೆಸಿದರೆ ಬೀಳುವಂಥವು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ ಕಾಕಾ, ಇಷ್ಟ ವರ್ಷ ಗಾಡಿ ಹೊಡ್ದೀರಿ, ಧೂಳಿದ್ದಾಗ ಒರಸಬಾರ್ದಂತ ಗೊತ್ತಿಲ್ಲೇನು? ಇದನ್ನ ತಿಕ್ಕಿದಾಂವ ಯಾರು?"

"ನಾನ."

"ದಿನಾನೂ?"

"ಹೂಂ, ದಿನಾನೂ."

ಬಾಯಿಗೆ ಬಂದಂತೆ ಬೈದೆ. ಅವನು ಅಂಗಡಿಯ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಬೈದು ಮುಗಿಸಿ ಬಾನೆಟ್ಟಿಗೆ ಬಾಗಿದಾಗ ನನಗೇ ಏನೋ ತಾಳೆಯಾಗಲಿಲ್ಲ. ಗುಂಡು ಗೀರುಗಳು ಬಾನೆಟ್ಟಿನ ಎರಡೂ ಅಂಚಿನಲ್ಲಿದ್ದವು, ನಡುವಿನ ಒಂದು ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಬಾಗಿಲುಗಳ ತುಂಬ ಇದ್ದವು, ಮೇಲಿನ ತಗಡಿನ ಮೇಲೆ ಇಲ್ಲವೇ ಇಲ್ಲ. ಒರೆಸಿದವರ ಕೈ ಅಷ್ಟೇ ದೂರ ಎಟುಕಿದೆ ಎಂದಾಯಿತು. ಕಾಕಾ ನಿಂತಲ್ಲಿಂದಲೇ ಗಾಡಿಯ ನೆತ್ತಿ ಒರೆಸುವ ಆಳು. ಗುಂಡು ಗೀರುಗಳ ಪಕ್ಕದಲ್ಲಿ ಅಲ್ಲಲ್ಲಿ ಎರಡೆರಡು ಗೀರು ಜೋಡಿಯಾಗಿ, ಒಂದಕ್ಕೊಂದು ಅಷ್ಟೇ ಅಂತರದಲ್ಲಿ ಬಿದ್ದಿದ್ದವು. ಕಡಗದ ಗುರುತು. ಕಾಕಾನ ಕೈ ನೋಡಿದೆ, ಮುಂಗೈಯಲ್ಲಿ ಕೆಂಪು ದಾರ ಬಿಟ್ಟರೆ ಏನೂ ಇರಲಿಲ್ಲ.

ನಾನು ನೋಡಿದ್ದನ್ನು ಅವನು ನೋಡಿದ. ಚಹಾ ತರುತ್ತೇನೆಂದು ಎದ್ದು ಹೋದ.

ಮರುದಿನ ಮುಂಜಾನೆ ಹತ್ತರ ಹೊತ್ತಿಗೆ ತಿಕೋಟಾದ ಬಸ್ಸಿನಿಂದ ಇಳಿದ ಒಬ್ಬ ಮುದುಕಿ ಬಿಸಿಲಲ್ಲಿ ರಸ್ತೆ ದಾಟಿ ನೇರ ನನ್ನ ಅಂಗಡಿಗೆ ಬಂದಳು. ಗಿಡ್ಡ ಜೀವ, ಇಳಕಲ್ ಸೀರೆ, ಕಣ್ಣಿಗೆ ದಪ್ಪ ಕನ್ನಡಕ, ಕೈಯಲ್ಲೊಂದು ಮಣೂಕದ ಚೀಲ. ಬಲಗೈಯಲ್ಲಿ ಎರಡು ಬೆಳ್ಳಿ ಕಡಗ.

ಕಾಕಾ ದಡಬಡಿಸಿ ಎದ್ದ. "ಅವ್ವಾರ, ನೀವ್ಯಾಕ ಬಂದ್ರಿ ಈ ಬಿಸಿಲಾಗ?"

"ಗಾಡಿ ಕೆಡಿಸಿ ಇಲ್ಲಿ ತಂದ ಕುಂತೀದಿ, ನಾ ಸುಮ್ನ ಕುಂದರಲೇನು?" ಎಂದು ಅವನನ್ನು ಗದರಿಸಿ, ನನ್ನ ಕಡೆ ತಿರುಗಿದಳು. "ತಮ್ಮಾ, ನನ್ನ ಮಗಂದು ಗಾಡಿ. ಇಂವ ಊರಿಗೆ ಹೋಗ್ತೀನಂತ ಬಬಲೇಶ್ವರಕ್ಕ ಹೋಗಿಬಿಟ್ಟ. ಬೇವಿನ ಗಿಡದ ಕೆಳಗ ನಿಲ್ಲಿಸಿ ಹೋಗ್ಯಾನ, ಮ್ಯಾಲ ಹಕ್ಕಿ ಹೇತಾವ. ಗಿಡದ ಅಂಟ ಬಿದ್ದಿರಬೇಕು, ಹಿಂಗ ಕಲಿ ಆಗ್ಯಾವ. ನಾ ಹೆಣ್ಣಾಳಿಗೆ ಹೇಳಿ ತಾಡಪತ್ರಿ ಹೊಚ್ಚಿಸಿ, ದಿನಾ ಮುಂಜಾನಿ ಎತ್ತಿ ಒರಸೀನಿ. ನಾ ಒರಸಿದ್ದಕ್ಕ ಇಷ್ಟರ ಉಳದೈತಿ."

ನನ್ನ ಕೈಯಲ್ಲಿದ್ದ ಸ್ಪಂಜು ಅಲ್ಲೇ ನಿಂತಿತು. ಅವಳ ಬೆನ್ನ ಹಿಂದೆ ಕಾಕಾ ಎರಡೂ ಕೈ ಮುಗಿದು, ತಲೆ ಅಲ್ಲಾಡಿಸುತ್ತ ನಿಂತಿದ್ದ. ಅಷ್ಟು ದೊಡ್ಡ ಆಳು ಹಾಗೆ ನಿಂತಿದ್ದನ್ನು ನೋಡಿ ನನಗೆ ಕಣ್ಣು ತೇವವಾದವು ಎಂದರೆ ಯಾರೂ ನಂಬಲಾರರು, ಆದರೆ ಆದವು.

ಆಕೆ ಅಂಗಡಿಯ ಕುರ್ಚಿಯಲ್ಲಿ ಕೂತು ನಾನು ತಿಕ್ಕುವುದನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಅದೂ ಸಾಕಾಯಿತು. ಎದ್ದು ಬಂದು ಸೆರಗಿನ ತುದಿ ಸುತ್ತಿಕೊಂಡು, ನಾನು ಅಷ್ಟು ಹೊತ್ತು ಕಷ್ಟಪಟ್ಟು ತಿದ್ದಿದ ಬಾಗಿಲನ್ನೇ ಗುಂಡಗೆ ಒರೆಸತೊಡಗಿದಳು. "ನೀ ಒಬ್ಬನ ಎಷ್ಟಂತ ಮಾಡ್ತೀ ಯಪ್ಪಾ, ಈ ಕಡೆದ ನಾ ಒರಸ್ತೀನಿ." ಕಡಗ ತಗಡಿಗೆ ತಾಗಿ ಕಿಣಿ ಕಿಣಿ ಅಂದವು. ಬಾಯಿ ತೆರೆದರೆ ಊರು ಕೇಳುವ ಹಾಗೆ ಬೈಯುವ ನಾನು, "ಅವ್ವಾರ, ಮಣೂಕ ತಂದೀರಲ್ಲ, ಕೊಡ್ರಿ, ಹಸಿವಿ ಆಗೇತಿ" ಎಂದು ಆಕೆಯನ್ನು ಕುರ್ಚಿಗೆ ಮರಳಿಸಿದೆ.

ಮಧ್ಯಾಹ್ನದ ಬಸ್ಸಿಗೆ ಆಕೆಯನ್ನು ಹತ್ತಿಸಿ ಬಂದ ಕಾಕಾನನ್ನು ಕೇಳಿದೆ: "ಸಾವ್ಕಾರ್ರಿಗೆ ಹೇಳಿಬಿಡ್ರಿ ಕಾಕಾ. ತಾಯಿ ಅಂದಮ್ಯಾಲ ಮಗ ಏನ್ ಮಾಡ್ಯಾನು?"

ಕಾಕಾ ಕಟ್ಟೆಯ ಮೇಲೆ ಕೂತು ಹೇಳಿದ. ಹಿಂದಿನ ವರ್ಷ ಕಣ್ಣಿನ ಆಪರೇಶನ್ ಆದಮೇಲೆ ಅವ್ವ ಮಣೂಕ ಆರಿಸುವಾಗ ಕಡ್ಡಿ ಉಳಿದು ಬಂದಿದ್ದವಂತೆ. ಮಗ ಆಳುಗಳೆದುರಿಗೆ "ಇನ್ನಮ್ಯಾಲ ಯಾವ ಕೆಲಸಕ್ಕೂ ಕೈ ಹಚ್ಚಬ್ಯಾಡ" ಎಂದುಬಿಟ್ಟ. ಅವ್ವ ಹಟ ಹಿಡಿದು ಊಟ ಬಿಟ್ಟಳು, ನಂತರ ಮಾತು ಬಿಟ್ಟಳು, ಹಾಸಿಗೆ ಹಿಡಿದಳು. ಕೊನೆಗೆ ಒಂದು ದಿನ ಕಾಕಾನೇ ಗಾಡಿಯ ಕನ್ನಡಿ ತೋರಿಸಿ, ಅವ್ವಾರ ಇದೊಂದ ಒರಸ್ರಿ ನನಗ ಹೊತ್ತಾಗೇತಿ ಅಂದನಂತೆ. ಎದ್ದು ಬಂದು ಒರೆಸಿದಳು. ಅವತ್ತಿನಿಂದ ಗಾಡಿ ಒರೆಸುವುದು ಅವಳ ಕೆಲಸ. ಸಾಹುಕಾರರಿದ್ದಾಗ ಅವರು ಏಳುವ ಮೊದಲೇ ಕಾಕಾ ಗಾಡಿಯನ್ನು ಚೆನ್ನಾಗಿ ತೊಳೆದಿಟ್ಟು, ತೊಳೆದ ಗಾಡಿಯ ಮೇಲೆ ಮೆತ್ತನ್ನ ಬಟ್ಟೆ ಕೊಟ್ಟು ಒರೆಸಲು ಬಿಡುತ್ತಿದ್ದ. ಈ ಸಲ ಕಾಕಾ ತನ್ನ ಊರಿಗೆ ಹೋಗಿದ್ದರಿಂದ ತೊಳೆಯುವವರು ಇರಲಿಲ್ಲ.

"ಈಗ ನೀನ ಕೆಡಿಸೀದಿ ಅಂತ ಮಗ ಅಂದ್ರ ಆಕಿ ಉಳಿಯೂದಿಲ್ರಿ. ನನಗ ಅಂದ್ರ ನಾ ಉಳೀತೀನಿ."

ಮಾಡಬಹುದಾಗಿದ್ದು ಒಂದೇ, ಕಲೆ ತೆಗೆದುಬಿಡುವುದು. ಕಲೆಯೇ ಹೋದರೆ ತಪ್ಪು ಯಾರದೆಂಬ ಮಾತೇ ಏಳುವುದಿಲ್ಲ. ಶನಿವಾರ ಇನ್ನೂ ಬಿಸಿಲೇರುವ ಮೊದಲು ಬಾನೆಟ್ಟು ಹಿಡಿದೆ. ಅತಿ ನುಣುಪಿನ ಉಜ್ಜುಕಾಗದವನ್ನು ಸೋಪಿನ ನೀರಲ್ಲಿ ನೆನೆಸಿ, ಒಂದೊಂದೇ ಕಲೆಯ ಮೇಲೆ ಬೆರಳ ತುದಿಯಷ್ಟೇ ಜಾಗದಲ್ಲಿ ಆಡಿಸಿ, ಒರೆಸಿ, ಅಳೆದು, ಕಾಂಪೌಂಡು ಹಾಕಿ ಹೊಳಪು ತಂದು, ಮತ್ತೆ ಅಳೆದೆ. ಎಡಗಡೆಯ ಕಲೆಗಳು ಒಂದೊಂದಾಗಿ ಹೋಗತೊಡಗಿದವು. ಕಾಕಾ ಪ್ರತಿ ಕಲೆ ಹೋದಾಗಲೂ ಬಂದು ಬಗ್ಗಿ ನೋಡಿ ಹೋಗುತ್ತಿದ್ದ. ನನಗೂ ಹುರುಪು ಬಂತು. ಆಗದ ಕೆಲಸ ಆಗುತ್ತಿದೆ ಅನಿಸಿದಾಗಲೇ ಕೈ ಹದ ತಪ್ಪುವುದು.

ಬಲಗಡೆ ಬಾನೆಟ್ಟಿನ ತಗಡು ಮಡಿದು ಅಂಚಿನಂತೆ, ಏಣಾಗಿ ಏಳುವ ಸಾಲಿನಲ್ಲಿ ಒಂದು ದೊಡ್ಡ ಕಲೆ. ಏಣಿನ ಮೇಲೆ ಕ್ಲಿಯರ್ ಯಾವಾಗಲೂ ತೆಳು, ಅಲ್ಲಿ ಭಾರ ಬಿಡಬಾರದು, ಗೊತ್ತಿದ್ದೂ ನಾಲ್ಕು ಸಲ ಹೆಚ್ಚು ಆಡಿಸಿದೆ. ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕಪ್ಪಾಯಿತು.

ಬಟ್ಟೆಗೆ ಬಣ್ಣ ಬರುವುದೆಂದರೆ ಮೇಲಿನ ಪದರ ಮುಗಿದು ಕೆಳಗಿನ ಬಣ್ಣವೇ ಕೈಗೆ ಬಂತೆಂದು ಅರ್ಥ. ಮತ್ತೊಂದು ಮೂಲೆಯಿಂದ ಒರೆಸಿದೆ, ಅದೂ ಕಪ್ಪಾಯಿತು. ಏಣಿನ ಮೇಲೆ ಬೆರಳಗಲದ ಜಾಗ ಮಂಕಾಗಿ ನನ್ನನ್ನೇ ನೋಡುತ್ತಿತ್ತು. ಸ್ಪಂಜು ಕೆಳಗಿಟ್ಟು ಕೂತುಬಿಟ್ಟೆ. ಇನ್ನೂ ಬಲಗಡೆಯಿಡೀ, ಮೇಲಿನ ತಗಡಿಡೀ ಉಳಿದಿತ್ತು, ಮೀಟರ್ ಎಲ್ಲೆಡೆ ಅದೇ ಅಂಕಿ ತೋರಿಸುತ್ತಿತ್ತು. ಮುಂದುವರಿಸಿದರೆ ಕಲೆಯ ಜೊತೆ ಗಾಡಿಯ ಬಣ್ಣವೂ ಬರುತ್ತದೆ. ಅಲ್ಲಿಗೆ ನಿಲ್ಲಿಸಿದೆ.

ಉಳಿದದ್ದು ಒಂದೇ ದಾರಿ. ನನ್ನ ಕಪಾಟಿನಲ್ಲಿ ಒಂದು ಡಬ್ಬಿಯಿದೆ, ಗೀರು ತುಂಬುವ ಎಣ್ಣೆಯಂಥ ಪಾಲಿಶ್. ಹಳೆ ಗಾಡಿ ಮಾರುವವರು ಕೇಳುತ್ತಾರೆ. ಕಲೆಯನ್ನು ತೆಗೆಯುವುದಿಲ್ಲ, ತುಂಬಿ ಮುಚ್ಚುತ್ತದೆ. ಒಂದು ಬಾಗಿಲಿಗೆ ಹಚ್ಚಿ ತೋರಿಸಿದೆ. ಬಾಗಿಲು ಕನ್ನಡಿಯಾಯಿತು. ಕಾಕಾ ಅದರಲ್ಲಿ ತನ್ನ ಮುಖ ನೋಡಿಕೊಂಡು ಮೂರು ದಿನದಲ್ಲಿ ಮೊದಲ ಸಲ ನಕ್ಕ.

"ಆದ್ರ ನಾಕೈದು ಸಲ ತೊಳದ್ರ ಮತ್ತ ಕಾಣಸ್ತೈತಿ ಕಾಕಾ," ಎಂದೆ.

"ಆವಾಗ?"

"ಆವಾಗ ಕೆಡಿಸಿದ್ದೂ ನೀವ, ಮುಚ್ಚಿಟ್ಟಿದ್ದೂ ನೀವ ಅಂತಾರ."

ಅವನು ಬಾಗಿಲಿನಲ್ಲಿ ತನ್ನ ಮುಖ ಇನ್ನೊಮ್ಮೆ ನೋಡಿಕೊಂಡ. ಆಮೇಲೆ ನನ್ನ ಟೇಬಲ್ಲಿನ ಮೇಲಿದ್ದ ಸ್ಪಿರಿಟ್ಟಿನ ಬಾಟಲಿ ತಾನೇ ತಂದು ನನ್ನ ಕೈಗಿತ್ತ. "ಅಳಿಸಿಬಿಡ್ರಿ. ಕೆಲಸ ಬರೂದಿಲ್ಲ ಅಂದ್ರ ಅನ್ಲಿ. ಕಳ್ಳ ಅನಸ್ಕೊಳ್ಳೂದು ಬ್ಯಾಡ."

ಅಳಿಸಿದೆ. ಕಲೆಗಳು ಇದ್ದಲ್ಲೇ ಮತ್ತೆ ಬಂದು ಕೂತವು. ಮೇಲೊಂದು ಮೇಣದ ಪದರ ಹಚ್ಚಿ, ಗಾಡಿಯನ್ನು ಇದ್ದಂತೆ ಕೊಟ್ಟೆ. ಸೋಮವಾರ ಅವನು ಅದನ್ನೇ ತೆಗೆದುಕೊಂಡು ಸ್ಟೇಷನ್ನಿಗೆ ಹೋದ.

ಮಂಗಳವಾರ ಮಧ್ಯಾಹ್ನ ಕಾಕಾನೇ ಓಡಿಸಿಕೊಂಡು ಬಂದ ಅದೇ ಗಾಡಿಯಲ್ಲಿ ಸಾಹುಕಾರರು ಬಂದರು. ಹಿಂದಿನ ಸೀಟಿನಲ್ಲಿ ಅವ್ವ ಇದ್ದಳು, ಕಣ್ಣಿನ ಡಾಕ್ಟರಿಗೆ ತೋರಿಸಲು ಕರೆತಂದಿದ್ದರಂತೆ. ಕಾಶಿಯ ಕಪ್ಪು ದಾರ ಇನ್ನೂ ಸಾಹುಕಾರರ ಕೈಯಲ್ಲಿತ್ತು. ಅವರು ಕೂಗಾಡಲಿಲ್ಲ, ಅದೇ ನನಗೆ ಹೆಚ್ಚು ಭಯವಾಗಿದ್ದು.

"ಮಿಸ್ತ್ರಿ, ಖರೇ ಹೇಳ್ರಿ. ತಾಡಪತ್ರೀಲೆ ಆಗಿದ್ದ ಹೌದಲ್ಲೋ?"

"ತಾಡಪತ್ರಿ ಹೌದ್ರಿ. ಆದ್ರ ಸಾವ್ಕಾರ್ರ, ಅದನ್ನ..."

"ಹೊಚ್ಚಿದಾಂವ ನಾನ್ರಿ," ಕಾಕಾ ನಡುವೆ ಬಾಯಿ ಹಾಕಿದ. "ಒರಸಿದಾಂವನೂ ನಾನ. ಅವ್ವಾರು ಬ್ಯಾಡಂದ್ರು, ನಾ ಕೇಳಲಿಲ್ಲ."

ಕಾರಿನ ಗಾಜು ಮುಚ್ಚಿತ್ತು, ಒಳಗೆ ಎಸಿ ಓಡುತ್ತಿತ್ತು. ಅವ್ವನಿಗೆ ಇದೊಂದೂ ಕೇಳಿಸಲಿಲ್ಲ. ನಾನು ಮತ್ತೆ ಬಾಯಿ ತೆರೆದೆ. ಕಾಕಾ ನನ್ನ ಕಡೆ ತಿರುಗಿ, "ಮಿಸ್ತ್ರಿ, ನಿಮ್ಮ ಕೆಲಸ ಮುಗೀತಲ್ಲ, ಬಿಡ್ರಿ" ಎಂದ. ಅಷ್ಟು ವರ್ಷದಲ್ಲಿ ಅವನು ನನ್ನೊಂದಿಗೆ ಗಡುಸಾಗಿ ಆಡಿದ್ದು ಅದೊಂದೇ ಮಾತು.

ಸಾಹುಕಾರರು ಅಂಗೈ ಚಾಚಿದರು. "ಚಾವಿ ಕೊಡು."

ಕಾಕಾ ಜೇಬಿನಿಂದ ಚಾವಿ ತೆಗೆದು, ಅಂಗಿಯ ತುದಿಗೆ ಒರೆಸಿ, ಕೊಟ್ಟ. ಅವ್ವ ಅಷ್ಟರಲ್ಲಿ ಗಾಜು ಇಳಿಸಿ ನೋಡುತ್ತಿದ್ದಳು. ಏನಾಯಿತೆಂದು ಅರ್ಥವಾದ ಮೇಲೆ ಆಕೆ ನಿಟ್ಟುಸಿರು ಬಿಟ್ಟು ಮಗನಿಗೆ ಹೇಳಿದಳು: "ಬಯ್ಯಬ್ಯಾಡ ಯಪ್ಪಾ. ವಯಸ್ಸಾಗೇತಿ, ಅವಂಗೂ ಕಣ್ಣ ಕಾಣವಲ್ಲವು." ಕಾಕಾ ಆಕೆಗೆ ಬಗ್ಗಿ ನಮಸ್ಕಾರ ಮಾಡಿ, ಬಬಲೇಶ್ವರದ ಬಸ್ಸು ಹಿಡಿಯಲು ನಡೆದುಕೊಂಡು ಹೋದ. ಗಾಡಿಯನ್ನು ಸಾಹುಕಾರರೇ ಓಡಿಸಿಕೊಂಡು ಹೋದರು. ನಾನು ಅವತ್ತು ಇನ್ನೊಂದು ಗಾಡಿಗೆ ಕೈ ಹಚ್ಚಲಿಲ್ಲ.

ಬಾನೆಟ್ಟು ಮತ್ತು ಮೇಲಿನ ತಗಡಿಗೆ ಬೇರೆ ಕಡೆ ಹೊಸ ಬಣ್ಣ ಹೊಡೆಸಿದರು, ಬಾಗಿಲುಗಳಿಗೂ. ಹೊಸ ಬಣ್ಣಕ್ಕೆ ಕೂಡಲೇ ಏನೂ ಹಚ್ಚುವಂತಿಲ್ಲ, ಅದು ಒಳಗಿನಿಂದ ಒಣಗಿ ಗಟ್ಟಿಯಾಗಬೇಕು. ಸುಮಾರು ತಿಂಗಳು ಬಿಟ್ಟು ತನ್ನಿ, ಆಗ ರಕ್ಷಣೆಯ ಕೋಟಿಂಗ್ ಹಾಕೋಣ, ಅಲ್ಲಿಯವರೆಗೆ ಯಾರೂ ಒರೆಸಬಾರದು ಎಂದು ಹೇಳಿದ್ದೆ. ಹೇಳುವಾಗಲೇ ನನಗೆ ಮುಂದಿನದು ಗೊತ್ತಿತ್ತು.

ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಸಾಹುಕಾರರು ಗಾಡಿ ತಂದರು. ತೊಳೆದು ಒಣಗಿಸಿ ಟಾರ್ಚು ಹಾಕಿದೆ. ಹೊಸ ಬಣ್ಣದ ಮೇಲೆ ಅವೇ ಗುಂಡು ಗೀರುಗಳು. ಬಾನೆಟ್ಟಿನ ಎರಡೂ ಅಂಚಿನಲ್ಲಿ ಇದ್ದವು, ನಡುವಿನ ಪಟ್ಟಿ ಖಾಲಿ. ಮೇಲೆ ಒಂದೂ ಇಲ್ಲ. ಬಾಗಿಲ ಮೇಲೆ ಜೋಡಿ ಗೀರು. ನಾನು ಟಾರ್ಚನ್ನು ಅವರ ಕೈಗೇ ಕೊಟ್ಟೆ.

ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಜೋಡಿ ಗೀರಿನ ಮೇಲೆ ಎರಡು ಬೆರಳಿಟ್ಟು ಅಂತರ ಅಳೆದರು. ಎದ್ದು ನಿಂತು ತಮ್ಮ ಕೈಯನ್ನು ಬಾನೆಟ್ಟಿನ ಮೇಲೆ ಚಾಚಿ ನೋಡಿದರು. ಅವರ ಕೈ ಆ ಖಾಲಿ ಪಟ್ಟಿ ದಾಟಿ ಹೋಯಿತು.

"ಆವಾಗೂ ಹಿಂಗ ಇತ್ತೇನು?"

"ಹಿಂಗ ಇತ್ರಿ."

"ಅಂವಗ ಗೊತ್ತಿತ್ತಾ?"

"ಗೊತ್ತಿತ್ರಿ."

ಟಾರ್ಚು ಆರಿಸಲು ಮರೆತು ಕಟ್ಟೆಯ ಮೇಲೆ ಕೂತರು. ಆ ಸಿಟ್ಟಿನ ಮನುಷ್ಯ ಅಳುವುದನ್ನು ನೋಡಬಾರದೆಂದು ನಾನು ಒಳಗೆ ಹೋಗಿ ಬಟ್ಟೆ ಮಡಚಿದೆ. ಸ್ವಲ್ಪ ಹೊತ್ತಿಗೆ ಕರೆದರು: "ನಡೀರಿ, ಬಬಲೇಶ್ವರಕ್ಕ."

ಕಾಕಾ ಅಲ್ಲಿ ಯಾವುದೋ ಶಾಲೆಯ ವ್ಯಾನು ಓಡಿಸುತ್ತಿದ್ದ. ನಾವು ಹೋದಾಗ ಮನೆಯ ಮುಂದೆ ಅದನ್ನೇ ತೊಳೆಯುತ್ತಿದ್ದ. ಸಾಹುಕಾರರನ್ನು ಕಂಡು ಪೈಪು ಬಿಟ್ಟು, ಒದ್ದೆ ಕೈ ಮುಗಿದ. ನನ್ನ ಕಡೆ ನೋಡಿದ ಆ ನೋಟಕ್ಕೆ, ನಾನಲ್ಲ, ಗಾಡಿಯೇ ಹೇಳಿತು ಎಂದು ಹೇಳಬೇಕೆನಿಸಿತು.

"ಬಾ ಮನಿಗೆ," ಎಂದರು ಸಾಹುಕಾರರು. ಚಾವಿ ಮುಂದೆ ಹಿಡಿದಿದ್ದರು. "ತಪ್ಪ ನಂದು."

"ಅವ್ವಾರಿಗೆ ಹೇಳಿರೇನ್ರಿ?"

"ಇಲ್ಲ."

"ಹಂಗಾದ್ರ ನಾ ಹ್ಯಾಂಗ ಬರ್ಲಿ? ಗಾಡಿ ಕೆಡಿಸಿದಾಂವನ್ನ ಮತ್ತ ಯಾಕ ಕರ್ಕೊಂಡ ಬಂದಿ ಅಂತ ಕೇಳ್ತಾರ. ಏನ್ ಹೇಳ್ತೀರಿ?"

ಸಾಹುಕಾರರು ನನ್ನ ಮುಖ ನೋಡಿದರು. ನಾನು ವ್ಯಾನಿನ ಚಕ್ರ ನೋಡಿದೆ. ಸುಳ್ಳು ಹೇಳಿದರೆ ಆಕೆ ನಂಬುವವಳಲ್ಲ, ಮಗನನ್ನು ಹೆತ್ತವಳು. ನಿಜ ಹೇಳಿದರೆ ಆ ಕೈಗಳು ಮತ್ತೆ ಮಡಿಲಲ್ಲಿ ಬಿದ್ದು ಅಲ್ಲೇ ಉಳಿಯುತ್ತವೆ. ಕಾಕಾನ ಹೆಂಡತಿ ಚಹಾ ತಂದಳು. ಕುಡಿದೆವು. ಸಾಹುಕಾರರು ಚಾವಿಯನ್ನು ಜೇಬಿಗೆ ಹಾಕಿಕೊಂಡರು.

ಹೊರಡುವಾಗ ಕಾಕಾ ಗಾಡಿಯ ತನಕ ಬಂದು, ಬಾಗಿಲ ಮೇಲಿನ ಗೀರಿಗೆ ಹೆಬ್ಬೆರಳಾಡಿಸಿ ನನಗೆ ಹೇಳಿದ: "ತೊಳದ ಮ್ಯಾಲ ಒರಸಾಕ ಕೊಡ್ರಂತ ಹೇಳ್ರಿ ಅವರಿಗೆ. ಅಷ್ಟ ಸಾಕು." ಸಾಹುಕಾರರು ಪಕ್ಕದಲ್ಲೇ ಇದ್ದರು. ಅವರಿಗೇ ಹೇಳಬಹುದಿತ್ತು, ಹೇಳಲಿಲ್ಲ.

ಈಗ ನಾನು ತಿಂಗಳಿಗೊಮ್ಮೆ ತಿಕೋಟಾಕ್ಕೆ ಹೋಗುತ್ತೇನೆ. ಕೋಟಿಂಗ್ ಹಾಕಲಿಲ್ಲ. ಅದರ ಮೇಲೂ ಗೀರು ಬಿದ್ದರೆ ತೆಗೆಯಲು ಮತ್ತೆ ಹೆರೆಯಬೇಕು. ಬದಲಿಗೆ ಮೇಣ. ಗಾಡಿಗೆಲ್ಲ ಒಂದು ಪದರ, ಅವ್ವನ ಕೈ ಎಟುಕುವಷ್ಟು ಜಾಗಕ್ಕೆ ಮೂರು ಪದರ, ಒಂದೊಂದನ್ನೂ ಅಂಗೈ ಕಾವಿನಲ್ಲಿ ಕರಗಿಸಿ, ಒಣಗಲು ಬಿಟ್ಟು. ಆಕೆ ಒರೆಸಿದರೆ ಮೊದಲು ನನ್ನ ಮೇಣ ಸವೆಯಲಿ, ಬಣ್ಣದ ಮಾತು ಆಮೇಲೆ. ಸಾಹುಕಾರರು ಬೆಳಗಾಗುವ ಮೊದಲೇ ಎದ್ದು, ಲುಂಗಿ ಮೇಲೆ ಕಟ್ಟಿ, ತಾವೇ ಗಾಡಿ ತೊಳೆದು ನಿಲ್ಲಿಸುತ್ತಾರೆ. ಒರೆಸಲೆಂದು ನಾನು ಅತಿ ಮೆತ್ತನೆಯ ಹೊಸ ಬಟ್ಟೆಗಳನ್ನು ಕೊಟ್ಟಿದ್ದೆ. ಅವ್ವ ಅವನ್ನು ಮುಟ್ಟಿ ನೋಡಿ, ಇಂಥಾ ಚಲೋ ಅರಬಿ ಗಾಡಿಗೆ ಯಾಕೆಂದು ದೇವರ ಜಗಲಿಗೆ ಹಾಸಿಬಿಟ್ಟಿದ್ದಾಳೆ. ಗಾಡಿಗೆ ಅವಳದು ಅದೇ ಸೆರಗು.

ಮೊನ್ನೆ ಹೋದಾಗಲೂ ಹಾಗೇ ಒರೆಸುತ್ತಿದ್ದಳು. ಕಡಗ ಕಿಣಿಗುಟ್ಟುತ್ತಿದ್ದವು. ಸಾಹುಕಾರರು ಕೈಯಲ್ಲಿ ಖಾಲಿ ಬಕೆಟ್ಟು ಹಿಡಿದು ನನ್ನ ಪಕ್ಕ ನಿಂತಿದ್ದರು. ಅವ್ವ ದಣಿದು, ಸೊಂಟಕ್ಕೆ ಕೈಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಗಾಡಿಯನ್ನು ನೋಡಿದಳು.

"ನೋಡ ತಮ್ಮಾ," ಎಂದಳು ನನಗೆ, "ಆ ಡ್ರೈವರ ಹೋದಮ್ಯಾಲ ಗಾಡಿ ಹ್ಯಾಂಗ ಹೊಳೀತೈತಿ."

ನಾನು ಸಾಹುಕಾರರನ್ನು ನೋಡಲಿಲ್ಲ, ಅವರು ನನ್ನನ್ನು ನೋಡಲಿಲ್ಲ.

"ಹೌದ್ರಿ ಅವ್ವಾರ," ಎಂದೆ.